ದೋಣಿ ಹತ್ತಿ ಹೋದ ನನ್ನ ಬ್ಯಾಗ್

ಎರಡು ವರ್ಷದ ಹಿಂದಿನ ಹೊಸವರ್ಷದ ರಜೆ. ಜಪಾನಿನಲ್ಲಿ ಡಿಸೆಂಬರ್ ಕೊನೆಗೆ ಆಫೀಸುಗಳೆಲ್ಲ ಒಂದು ವಾರ ಬಾಗಿಲು ಹಾಕುತ್ತವೆ. ವರ್ಷದಲ್ಲಿ ಅದೊಂದು ವಾರ ಮಾತ್ರ ನನ್ನ ಯಜಮಾನರು ರಘು ಲ್ಯಾಪ್‌ಟಾಪ್ ಮುಚ್ಚಿ ನಮ್ಮ ಮುಖ ನೋಡುವುದು. ನಾವಿರುವುದು ಟೋಕಿಯೋದ ನಿಶಿ ಕಸಾಯಿಯಲ್ಲಿ. ಬಂದು ಆಗಲೇ ಏಳು ವರ್ಷವಾಗಿತ್ತು. ಮೈಸೂರಿಗೆ ಹೋಗಲು ತಡವಾಗಿ ಟಿಕೆಟ್ ಹುಡುಕಿ, ಸಿಗದೆ ಹೋದಾಗ, "ಥಾಯ್ಲೆಂಡಿಗೆ ಹೋಗೋಣ ಬಿಡಿ. ಬ್ಯಾಂಕಾಕ್ ಬೇಡ, ಮಾಲ್‌ಗಳು ಇಲ್ಲೇ ಬೇಕಾದಷ್ಟಿವೆ. ಕಾಡು, ನದಿ ಇರೋ ಕಡೆ ಹೋಗೋಣ" ಎಂದವಳು ನಾನೇ. ಹಾಗಾಗಿ ಮುಂದೆ ಆದದ್ದಕ್ಕೆಲ್ಲ ನಾನೇ ಕಾರಣ ಎಂದು ರಘು ಈಗಲೂ ಹೇಳುತ್ತಾರೆ. ಹೇಳಲಿ, ಅದರಲ್ಲಿ ಸುಳ್ಳೇನಿಲ್ಲ.

ನಾವು ಆರಿಸಿದ್ದು ಬ್ಯಾಂಕಾಕಿನಿಂದ ಪಶ್ಚಿಮಕ್ಕೆ, ಬರ್ಮಾ ಗಡಿಯ ಕಡೆ ಇರುವ ಕಾಂಚನಬುರಿ ಎಂಬ ಪ್ರಾಂತ್ಯವನ್ನು. ಎರಡೂ ಬದಿ ದಟ್ಟ ಕಾಡು, ನಡುವೆ ಕ್ವೇ ನದಿ. ನದಿಯ ಮೇಲೇ ತೇಲುವ ಬಿದಿರಿನ ಮನೆಗಳಿವೆ, ಅವುಗಳಲ್ಲಿ ಉಳಿದುಕೊಳ್ಳಬಹುದು. ಮೊದಲ ದಿನ ಪಟ್ಟಣದಲ್ಲಿದ್ದು ಅಲ್ಲಿಯ ಹಳೆಯ ರೈಲು ಸೇತುವೆ ನೋಡಿದೆವು. ಯುದ್ಧದ ಕಾಲದಲ್ಲಿ ಜಪಾನಿನ ಸೈನ್ಯ ಕೈದಿಗಳಿಂದ, ಕೂಲಿಗಳಿಂದ ಕಟ್ಟಿಸಿದ ರೈಲುದಾರಿಯದು. ಸತ್ತ ಕೂಲಿಗಳಲ್ಲಿ ಮಲಯಾ ತೋಟಗಳಿಂದ ತಂದ ನಮ್ಮ ತಮಿಳರೂ ಬಹಳ ಮಂದಿ ಇದ್ದರಂತೆ. ನನ್ನ ಮಗಳು ಇಂಚರ ಓದುವುದು ಜಪಾನೀ ಶಾಲೆಯಲ್ಲಿ, ಆಗ ನಾಲ್ಕನೇ ಕ್ಲಾಸು. ಅವಳು ಅಲ್ಲಿಯ ಫಲಕಗಳನ್ನೆಲ್ಲ ನಿಂತು ಓದಿದಳು. "ನಮ್ ಸ್ಕೂಲಲ್ಲಿ ಇದು ಹೇಳ್ಕೊಟ್ಟಿಲ್ಲ" ಎಂದಳು.

ಇಂಚರಳ ಬಗ್ಗೆ ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಆರನೇ ವಯಸ್ಸಿನಲ್ಲಿ ಅವಳಿಗೆ ಟೈಪ್ ಒನ್ ಡಯಾಬಿಟೀಸ್ ಇದೆಯೆಂದು ಗೊತ್ತಾಯಿತು. ಇದು ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ, ಸಿಹಿ ತಿಂದಿದ್ದರಿಂದ ಬಂದದ್ದೂ ಅಲ್ಲ. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿರುತ್ತದೆ. ಪ್ರತಿ ಸಲ ತಿನ್ನುವಾಗ ಒಂದು ಇಂಜೆಕ್ಷನ್, ಮಲಗುವ ಮುಂಚೆ ಇನ್ನೊಂದು. ತಪ್ಪಿದರೆ ಸಕ್ಕರೆ ಏರುತ್ತಾ ಹೋಗುತ್ತದೆ, ಒಂದು ದಿನದೊಳಗೆ ಪ್ರಾಣಕ್ಕೇ ಸಂಚಕಾರ ಬರಬಹುದು. ತೋಳಿಗೆ ಅಂಟಿಸಿದ ಸೆನ್ಸರ್‌ನಿಂದ ಅವಳ ಕೊರಳಲ್ಲಿ ನೇತಾಡುವ ಪುಟ್ಟ ಯಂತ್ರಕ್ಕೆ ಐದೈದು ನಿಮಿಷಕ್ಕೊಮ್ಮೆ ಸಕ್ಕರೆಯ ನಂಬರ್ ಬರುತ್ತದೆ. ಅದು ಎಪ್ಪತ್ತರಿಂದ ನೂರ ಎಂಬತ್ತರೊಳಗೆ ಇರಬೇಕು, ತೀರ ಇಳಿದರೂ ಎಚ್ಚರ ತಪ್ಪುತ್ತದೆ.

ಇಂಜೆಕ್ಷನ್ ಪೆನ್ನುಗಳು, ಸೂಜಿಗಳು, ಸಕ್ಕರೆ ಇಳಿದರೆ ತಿನ್ನಲು ಗ್ಲೂಕೋಸ್ ಮಾತ್ರೆ, ಎಲ್ಲ ಒಂದು ನೀಲಿ ತಂಪು ಪೌಚಿನಲ್ಲಿ, ಆ ಪೌಚು ನನ್ನ ಹೆಗಲ ಬ್ಯಾಗಿನಲ್ಲಿ. ಪ್ರಯಾಣದಲ್ಲಿ ಔಷಧಿಯನ್ನು ಎರಡು ಭಾಗ ಮಾಡಿ ಇಬ್ಬರ ಬ್ಯಾಗಿನಲ್ಲಿ ಇಡಿ ಎಂದು ಡಾಕ್ಟರ್ ಹೇಳಿದ್ದರು. ನಾನು ಮಾಡಲಿಲ್ಲ. ರಘು ಸಬ್‌ವೇಯಲ್ಲಿ ಬಿಟ್ಟು ಬಂದ ಕೊಡೆಗಳ ಲೆಕ್ಕ ನನಗೊಬ್ಬಳಿಗೇ ಗೊತ್ತು. ಕೊಡೆಯನ್ನೇ ನೆಟ್ಟಗೆ ಮನೆಗೆ ತರದ ಮನುಷ್ಯನ ಕೈಗೆ ಮಗಳ ಪ್ರಾಣ ಕೊಡುವುದೇ ಎಂದುಕೊಂಡು, ಎಲ್ಲ ನನ್ನ ಹೆಗಲಿಗೇ ಹಾಕಿಕೊಂಡೆ. ನನ್ನ ಸ್ವಭಾವವೇ ಅಷ್ಟು.

ಎರಡನೇ ದಿನ ಬೆಳಿಗ್ಗೆ ವ್ಯಾನ್ ಮಾಡಿಕೊಂಡು ನದಿಯ ಮೇಲ್ಭಾಗದ ಒಂದು ದೋಣಿಕಟ್ಟೆಗೆ ಬಂದೆವು. ಅಲ್ಲಿಂದ ಮುಂದೆ ರಸ್ತೆಯಿಲ್ಲ, ತೇಲುಮನೆಗಳಿಗೆ ದೋಣಿಯಲ್ಲೇ ಹೋಗಬೇಕು. ವ್ಯಾನಿನವನು ನಮ್ಮ ಸೂಟ್‌ಕೇಸ್ ಇಳಿಸಿ, ಎರಡು ದಿನ ಬಿಟ್ಟು ಬರುತ್ತೇನೆಂದು ಹೊರಟುಹೋದ. ನಮ್ಮ ದೋಣಿಗೆ ಇನ್ನೂ ಒಂದು ಗಂಟೆ ಇತ್ತು. ಕಟ್ಟೆಯ ಮೇಲೆ ತಗಡಿನ ಮಾಡಿನ ಒಂದು ಕಾಫಿ ಅಂಗಡಿ, ಎಂಟು ಹತ್ತು ಮೇಜು, ತುಂಬ ಜನ. ಯಾವುದೋ ಟೂರಿಸ್ಟ್ ಗುಂಪು ಗದ್ದಲ ಮಾಡುತ್ತಾ ಕೂತಿತ್ತು. ನದಿ ಕಾಣುವ ಕಡೆ ಒಂದೇ ಮೇಜು ಖಾಲಿ ಇತ್ತು. ನಾನು ಓಡಿ ಹೋಗಿ ಕುರ್ಚಿಯ ಮೇಲೆ ಬ್ಯಾಗ್ ಇಟ್ಟೆ.

ಇಟ್ಟು, ಬಂದುಬಿಟ್ಟೆ.

ಜಪಾನಿನಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳಬೇಕು. ಅಲ್ಲಿ ಕಾಫಿ ಅಂಗಡಿಗೆ ಹೋದರೆ ಮೊದಲು ಕುರ್ಚಿ ಹುಡುಕಿ ಅದರ ಮೇಲೆ ಬ್ಯಾಗೋ ಫೋನೋ ಇಡುತ್ತೇವೆ, ಆಮೇಲೆ ಹೋಗಿ ಕ್ಯೂನಲ್ಲಿ ನಿಲ್ಲುತ್ತೇವೆ. ಬೇಕಿದ್ದರೆ ಟಾಯ್ಲೆಟ್ಟಿಗೂ ಹೋಗಿ ಬರುತ್ತೇವೆ. ಯಾರೂ ಮುಟ್ಟುವುದಿಲ್ಲ. ಮೊದಲ ವರ್ಷ ನನಗೆ ಇದು ನೋಡಿದರೇ ಭಯವಾಗುತ್ತಿತ್ತು. ಮೈಸೂರಿನ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದವಳು ನಾನು, ಬ್ಯಾಗ್ ಎಸೆದವಳಲ್ಲ. ಏಳು ವರ್ಷದಲ್ಲಿ ಆ ಭಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ದಿನ ಆ ಕುರ್ಚಿಯ ಮೇಲೆ ಬ್ಯಾಗ್ ಇಡುವಾಗ ನಾನು ಏನನ್ನೂ ಯೋಚಿಸಿರಲಿಲ್ಲ. ಪಾಸ್‌ಪೋರ್ಟುಗಳು ರಘುವಿನ ಸೊಂಟದ ಚೀಲದಲ್ಲಿದ್ದವು, ಪುಣ್ಯ.

ಕೌಂಟರಿನಲ್ಲಿ ಕಾಫಿ ಹೇಳಿದೆವು. ಪಕ್ಕದಲ್ಲೇ ತೆಂಗಿನಹಾಲಿನ ಸಣ್ಣ ಸಣ್ಣ ಪಡ್ಡು ಬೇಯುತ್ತಿತ್ತು, ನಮ್ಮ ಗುಳಿಯಪ್ಪದ ಹಾಗೇ. ಇಂಚರ ಆಸೆಪಟ್ಟಳು, ಕೊಡಿಸಿದೆ. "ಮೇಜಿಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡೇ ತಿನ್ನು" ಎಂದೆ. ಅಷ್ಟರಲ್ಲಿ ನದಿಯಲ್ಲಿ ಆನೆ ಸ್ನಾನ ಮಾಡುತ್ತಿದೆ ಎಂದು ಯಾರೋ ಕೂಗಿದರು. ಮೂವರೂ ಮೆಟ್ಟಿಲಿಳಿದು ಓಡಿದೆವು. ಫೋಟೋ ತೆಗೆದೆವು. ನಡುನಡುವೆ ಇಂಚರ ಪಡ್ಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೇಗೂ ಈಗ ಇಂಜೆಕ್ಷನ್ ಕೊಡುತ್ತೇನಲ್ಲ ಎಂದು ನಾನೂ ಸುಮ್ಮನಿದ್ದೆ. ಕಾಲು ಗಂಟೆ ಆಗಿರಬೇಕು.

ವಾಪಸ್ ಬಂದಾಗ ಕುರ್ಚಿ ಇತ್ತು, ಬ್ಯಾಗ್ ಇರಲಿಲ್ಲ. ಟೂರಿಸ್ಟ್ ಗುಂಪೂ ಇರಲಿಲ್ಲ.

ಮೇಜಿನ ಕೆಳಗೆ ನೋಡಿದೆ. ಅಕ್ಕಪಕ್ಕದ ಮೇಜಿನ ಕೆಳಗೆಲ್ಲ ಬಗ್ಗಿ ನೋಡಿದೆ. "ಎಲ್ಲಾದ್ರೂ ಇಟ್ಟಿರ್ತೀಯ, ನೆನಪು ಮಾಡ್ಕೋ" ಎಂದು ರಘು ಮತ್ತೆ ಮತ್ತೆ ಹೇಳುತ್ತಿದ್ದರು. ಇಂಚರ ತಿನ್ನುವುದನ್ನು ನಿಲ್ಲಿಸಿ ಕೊರಳಿನ ಯಂತ್ರ ನೋಡಿ, "ಒನ್ ನೈಂಟಿ, ಅಪ್ ಆರೋ" ಎಂದಳು. ಸಕ್ಕರೆ ನೂರ ತೊಂಬತ್ತು, ಏರುತ್ತಿದೆ. ತಿಂದದ್ದು ಆರೇಳು ಪಡ್ಡು. ಅದು ಏರದೆ ಇನ್ನೇನು?

ನನಗೆ ಹೆದರಿಕೆಯಾದರೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ನೇರ ಕೌಂಟರಿಗೆ ಹೋದೆ. ಅಂಗಡಿಯಾಕೆ ನನ್ನ ವಯಸ್ಸಿನವಳೇ, ನಲವತ್ತರ ಆಸುಪಾಸು, ಗಟ್ಟಿ ಆಳು. "ವೇರ್ ಇಸ್ ಮೈ ಬ್ಯಾಗ್?" ಎಂದೆ. ಅವಳಿಗೆ ಇಂಗ್ಲಿಷ್ ಬರಲಿಲ್ಲ. ನಾನು ಕುರ್ಚಿ ತೋರಿಸಿದೆ, ಹೆಗಲು ತೋರಿಸಿದೆ. ಅವಳು ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದಳು. ಒಳಗಿದ್ದ ಒಬ್ಬ ಮುದುಕಿ ಮೇಜು ಒರೆಸುವ ಬಟ್ಟೆ ಹಿಡಿದು ನಮ್ಮನ್ನೇ ನೋಡುತ್ತಾ ನಗುತ್ತಿತ್ತು. ಆ ನಗು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. "ಥೀಫ್! ಯೂ ಪೀಪಲ್ ಟುಕ್ ಇಟ್! ಪೊಲೀಸ್! ಕಾಲ್ ಪೊಲೀಸ್!" ಎಂದು ಕಿರುಚಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಂಗ್ಲಿಷ್ ಬಾರದಿದ್ದರೂ ಥೀಫ್, ಪೊಲೀಸ್ ಎರಡೂ ಅವಳಿಗೆ ಅರ್ಥವಾದವು. ಮುಖ ಕೆಂಪಾಯಿತು.

"ಅಮ್ಮ, ಸ್ಟಾಪ್! ಪ್ಲೀಸ್ ಸ್ಟಾಪ್!" ಎಂದು ಇಂಚರ ನನ್ನ ಕೈ ಎಳೆದಳು. ಅವಳಿಗೆ ನನ್ನಿಂದ ಅವಮಾನವಾಗಿತ್ತು. ಜಪಾನಿನಲ್ಲಿ ಬೆಳೆದ ಮಗು, ಸಾರ್ವಜನಿಕವಾಗಿ ಯಾರಾದರೂ ದನಿ ಎತ್ತಿದರೆ ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಾಳೆ. ಆ ಹೆಂಗಸಿನ ಕಡೆ ತಿರುಗಿ ಸೊಂಟ ಬಗ್ಗಿಸಿ, "ಸುಮಿಮಾಸೆನ್, ಹೊಂತೋನಿ ಸುಮಿಮಾಸೆನ್" ಎಂದು ಜಪಾನಿಯಲ್ಲಿ ಕ್ಷಮೆ ಕೇಳತೊಡಗಿದಳು.

ಆ ಹೆಂಗಸು ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಜಪಾನಿಯಲ್ಲೇ, ಸ್ಪಷ್ಟವಾಗಿ, "ನೀವು ಜಪಾನಿನಿಂದ ಬಂದವರಾ?" ಎಂದು ಕೇಳಿದಳು.

ಥಾಯ್ಲೆಂಡಿನ ಕಾಡಿನ ನಡುವೆ, ಒಬ್ಬ ಕನ್ನಡತಿಗೂ ಒಬ್ಬ ಥಾಯ್ ಹೆಂಗಸಿಗೂ ಮಧ್ಯೆ ಜಪಾನಿ ಭಾಷೆ ಸಿಕ್ಕಿತು. ಅವಳ ಹೆಸರು ವಿಲೈ. ಟೋಕಿಯೋ ಪಕ್ಕದ ಇಬರಾಕಿಯಲ್ಲಿ ಎಲೆಕೋಸಿನ ಹೊಲದಲ್ಲಿ ಆರು ವರ್ಷ ಕೆಲಸ ಮಾಡಿ ಬಂದವಳು. ನನ್ನ ಜಪಾನಿ ಆಸ್ಪತ್ರೆ, ಶಾಲೆ, ಬೀದಿ ಮೂಲೆಯ ಕೊಂಬಿನಿ ಅಂಗಡಿಗಳಲ್ಲಿ ಕಲಿತದ್ದು. ಅವಳದ್ದು ಹೊಲದಲ್ಲಿ ಕಲಿತದ್ದು. ನನ್ನದಕ್ಕಿಂತ ಅವಳದ್ದೇ ಚೆನ್ನಾಗಿತ್ತು.

"ಬ್ಯಾಗನ್ನು ಕುರ್ಚಿಯ ಮೇಲೆ ಇಟ್ಟು ಹೋದಿರಾ? ಜಾಗ ಹಿಡಿಯೋಕೆ?" ಎಂದು ಕೇಳಿದಳು.

ಹೌದೆಂದೆ. ಅವಳು ಹಣೆ ಚಚ್ಚಿಕೊಂಡಳು. "ನಾನೂ ಇದೇ ಮಾಡಿದ್ದೆ. ಜಪಾನಿನಿಂದ ಬಂದ ಮೂರನೇ ದಿನ, ಬ್ಯಾಂಕಾಕಿನ ಬಸ್‌ಸ್ಟ್ಯಾಂಡಿನಲ್ಲಿ. ಫೋನು, ಆರು ವರ್ಷದ ಫೋಟೋ, ಎಲ್ಲ ಹೋಯಿತು. ಜಪಾನಿನಲ್ಲಿ ಕುರ್ಚಿಯ ಮೇಲೆ ಬ್ಯಾಗ್ ಇದ್ದರೆ ಆ ಜಾಗಕ್ಕೆ ಜನ ಇದ್ದಾರೆ ಅಂತ ಅರ್ಥ. ನಮ್ಮಲ್ಲಿ ಬ್ಯಾಗ್ ಮಾತ್ರ ಇದ್ದರೆ ಯಾರೋ ಮರೆತು ಹೋಗಿದ್ದಾರೆ ಅಂತ." ಹಾಗೆಂದವಳೇ ಮುದುಕಿಯ ಕಡೆ ತಿರುಗಿ ಥಾಯ್‌ನಲ್ಲಿ ಏನೋ ಕೇಳಿದಳು. ಮುದುಕಿ ಅವಳ ಅತ್ತೆ. ಅದು ಹೆಮ್ಮೆಯಿಂದ ನಗುತ್ತಾ, ನದಿಯ ಕಡೆ ಕೈ ತೋರಿಸಿ ಉದ್ದಕ್ಕೆ ಹೇಳಿತು.

ಆದದ್ದಿಷ್ಟು. ಟೂರಿಸ್ಟ್ ಗುಂಪು ದೋಣಿ ಹತ್ತುತ್ತಿದ್ದಾಗ ಅಜ್ಜಿ ಮೇಜು ಒರೆಸಲು ಬಂದಿದೆ, ನನ್ನ ಬ್ಯಾಗ್ ನೋಡಿದೆ. ಪಾಪ ಮರೆತು ಹೋಗುತ್ತಿದ್ದಾರಲ್ಲ ಎಂದು ಎತ್ತಿಕೊಂಡು, ಆ ವಯಸ್ಸಿನಲ್ಲಿ ಮೆಟ್ಟಿಲಿಳಿದು ಓಡಿ, ಹೊರಟ ದೋಣಿಯವನ ಕೈಗೆ ಕೊಟ್ಟಿದೆ. ದೋಣಿಯ ಸದ್ದಿನಲ್ಲಿ ಅವನೂ ಏನೂ ಕೇಳದೆ ಇಟ್ಟುಕೊಂಡು ಹೋಗಿದ್ದಾನೆ. ಅಜ್ಜಿ ನಗುತ್ತಿದ್ದದ್ದು ಒಂದು ಒಳ್ಳೆಯ ಕೆಲಸ ಮಾಡಿದ ಖುಷಿಗೆ.

"ಅದರಲ್ಲಿ ಏನಿತ್ತು?" ವಿಲೈ ಕೇಳಿದಳು. ನಾನು ಇಂಚರಳ ತೋಳಿನ ಸೆನ್ಸರ್ ತೋರಿಸಿ ಹೇಳಿದೆ. ಅವಳ ಮುಖ ಬದಲಾಯಿತು. ಅಜ್ಜಿಗೆ ಎರಡು ಮಾತಿನಲ್ಲಿ ಹೇಳಿದಳು. ಅಜ್ಜಿಯ ನಗು ಹಾಗೇ ನಿಂತುಹೋಯಿತು.

ದೋಣಿಯವನಿಗೆ ಫೋನ್ ಮಾಡಿದಳು. ಸಿಗಲಿಲ್ಲ. ಮೇಲೆ ಬರೀ ಕಾಡು, ಸಿಗ್ನಲ್ ಇಲ್ಲ. ಆ ಗುಂಪು ಯಾವ ತೇಲುಮನೆಗೆ ಹೋಯಿತೆಂದೂ ಖಚಿತವಿಲ್ಲ. ಆಸ್ಪತ್ರೆ ರಸ್ತೆಯಲ್ಲಿ ಒಂದು ಗಂಟೆಯಾಚೆ ಇದೆ, ಆದರೆ ರಜೆಯ ದಿನ, ಈ ಔಷಧಿ ಇರುತ್ತದೋ ಇಲ್ಲವೋ. "ಹಾಗಾದ್ರೆ ಎಲ್ಲ ಒಟ್ಟಿಗೇ ಆಸ್ಪತ್ರೆಗೆ ಹೋಗೋಣ. ಬ್ಯಾಗ್ ಹಾಳಾಗಿ ಹೋಗ್ಲಿ" ಎಂದರು ರಘು. ಅವರ ಮಾತಿನಲ್ಲೂ ನ್ಯಾಯವಿತ್ತು. ಆದರೆ ಅಲ್ಲಿ ಔಷಧಿ ಇಲ್ಲವೆಂದರೆ ಇನ್ನೂ ಮುಂದೆ, ಪಟ್ಟಣಕ್ಕೇ ಹೋಗಬೇಕು. ಅಲ್ಲಿಗೆ ಇಡೀ ಮಧ್ಯಾಹ್ನ ಕಳೆದಿರುತ್ತದೆ. ಔಷಧಿ ಇದೆಯೆಂದು ಖಂಡಿತವಾಗಿ ಗೊತ್ತಿದ್ದದ್ದು ಒಂದೇ ಕಡೆ, ನನ್ನ ಬ್ಯಾಗಿನಲ್ಲಿ.

"ನೀವು ಆಸ್ಪತ್ರೆಗೆ ಹೋಗಿ, ಸಿಕ್ಕಿದ್ರೆ ತಗೊಂಡು ಇಲ್ಲೇ ಬಂದು ನಿಂತಿರಿ. ನಾನೂ ಇಂಚರಾನೂ ನದಿ ಮೇಲೆ ಹೋಗ್ತೀವಿ. ಎರಡರಲ್ಲಿ ಒಂದು ಆಗ್ಲೇಬೇಕು" ಎಂದೆ.

"ಸಿಗದೇ ಇದ್ರೆ?"

"ಸಿಗತ್ತೆ."

ಅಷ್ಟು ಗಟ್ಟಿಯಾಗಿ ಹೇಳಲು ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಆದರೆ ಕಳೆದದ್ದು ನಾನು, ಹುಡುಕುವವಳೂ ನಾನೇ ಎಂದು ಮನಸ್ಸಿನಲ್ಲಿ ಒಂದು ಹಟ ಕೂತುಬಿಟ್ಟಿತ್ತು. ವಿಲೈ ಪಕ್ಕದ ಮನೆಯ ಪಿಕಪ್ ಗಾಡಿಯಲ್ಲಿ ರಘುವನ್ನು ಕಳಿಸಿದಳು. ಆಮೇಲೆ ಅವಳು ಒಲೆ ಆರಿಸಿದಳು, ಕಾಯುತ್ತಿದ್ದ ಗಿರಾಕಿಗಳಿಗೆ ಕೈಮುಗಿದು ಏನೋ ಹೇಳಿದಳು, ಅಂಗಡಿಯ ಮುಂದೆ ಹಗ್ಗ ಅಡ್ಡ ಕಟ್ಟಿದಳು. ವರ್ಷದಲ್ಲೇ ಅತಿ ಹೆಚ್ಚು ವ್ಯಾಪಾರದ ದಿನ. ಹತ್ತು ನಿಮಿಷದ ಹಿಂದೆ ನಾನು ಅವಳನ್ನು ಎಲ್ಲರೆದುರು ಕಳ್ಳಿ ಎಂದಿದ್ದೆ. ಅವಳು ಕಟ್ಟೆಯ ಕೆಳಗಿದ್ದ ತನ್ನದೇ ದೋಣಿಯ ಎಂಜಿನ್ ಹಗ್ಗ ಎಳೆದು, "ಹತ್ತಿ, ಬೇಗ" ಎಂದಳು.

ಉದ್ದನೆಯ, ಕಿರಿದಾದ ದೋಣಿ. ನನಗೆ ಈಜು ಬರುವುದಿಲ್ಲ. ಎಂಜಿನ್ ಸದ್ದಿಗೆ ಕಿವಿ ತುಂಬಿಹೋಗಿತ್ತು. ಎರಡೂ ಕಡೆ ಬಿದಿರು, ದೊಡ್ಡ ದೊಡ್ಡ ಮರ, ಒಂದು ಕಡೆ ಬಂಡೆಯಿಂದ ನೇರ ನದಿಗೇ ಬೀಳುತ್ತಿದ್ದ ಝರಿ. ಇದೇ ನೋಡಲೆಂದು ಅಷ್ಟು ದೂರದಿಂದ ಬಂದದ್ದು. ನಾನು ನೋಡಿದ್ದು ಇಂಚರಳ ಕೊರಳಿನ ನಂಬರ್ ಮಾತ್ರ. ಇನ್ನೂರ ನಲವತ್ತು. ಇನ್ನೂರ ಅರವತ್ತೆಂಟು. ಅವಳಿಗೆ ಬಾಯಾರಿಕೆ ಶುರುವಾಯಿತು. ವಿಲೈ ಕೊಟ್ಟಿದ್ದ ನೀರಿನ ಬಾಟಲಿ ಒಂದೇ ಉಸಿರಿಗೆ ಖಾಲಿ ಮಾಡಿದಳು.

ಮೊದಲ ತೇಲುಮನೆ ಬಂತು. ಆ ಗುಂಪು ಅಲ್ಲೇ ಇಳಿದಿತ್ತು, ಆಗಲೇ ನೀರಿಗೆ ಹಾರಿ ಈಜಾಡುತ್ತಿದ್ದರು. ವಿಲೈ ದೋಣಿಯಿಂದಲೇ ಕೂಗಿ ಕೇಳಿದಳು. ಬ್ಯಾಗ್ ಬಂದಿತ್ತಂತೆ, ನಮ್ಮದಲ್ಲ ಎಂದು ಎಲ್ಲರೂ ಹೇಳಿದರಂತೆ. ಹಾಗಾದರೆ ಇದು ಮುಂದಿನವರದ್ದಿರಬೇಕು ಎಂದು ದೋಣಿಯವನು ತನ್ನ ಜೊತೆಗೇ ಒಯ್ದಿದ್ದ. ಮುಂದೆ ಎಂದರೆ ಎಷ್ಟು ದೂರ? ಅರ್ಧ ಗಂಟೆ ಎಂದಳು. ಅಲ್ಲಿ ಒಂದು ಕ್ಷಣ ನನ್ನ ಧೈರ್ಯ ಕುಸಿಯಿತು. ಇಲ್ಲಿಂದಲೇ ವಾಪಸ್ ಹೋದರೆ ಆಸ್ಪತ್ರೆಗೆ ಎಷ್ಟು ಹೊತ್ತು, ಮುಂದೆ ಹೋಗಿ ಸಿಗದಿದ್ದರೆ ಎಷ್ಟು ಹೊತ್ತು ಎಂದು ತಲೆಯೊಳಗೆ ಕೂಡಿ ಕಳೆದೆ. ವಿಲೈ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. "ಮುಂದೆ" ಎಂದೆ.

ಆ ಅರ್ಧ ಗಂಟೆಯಲ್ಲಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ನಿಶಿ ಕಸಾಯಿಯಲ್ಲಿ ನಾನು ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಸೈಕಲ್ ತುಳಿದು ಇಂಚರಳ ಶಾಲೆಗೆ ಹೋಗುತ್ತಿದ್ದೆ, ಇಂಜೆಕ್ಷನ್ ಕೊಡಲು. ಮಳೆಯಿರಲಿ, ಚಳಿಯಿರಲಿ, ನಾಲ್ಕು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಶಾಲೆಯ ನರ್ಸ್ ಹೊಂದಾ ಸೆನ್ಸೇ, "ಅಮ್ಮ, ಇವಳ ವಯಸ್ಸಿನ ಮಕ್ಕಳು ತಾವೇ ತೆಗೆದುಕೊಳ್ಳುತ್ತಾರೆ. ಇಂಚರ ಸಾನ್‌ಗೂ ಬರುತ್ತದೆ" ಎಂದು ಎಷ್ಟೋ ಸಲ ನಯವಾಗಿ ಹೇಳಿದ್ದರು. ಡಾಕ್ಟರ್ ಕೂಡ ಹೇಳಿದ್ದರು. ನಾನು ನಗುತ್ತಾ ತಲೆಯಾಡಿಸಿ ಬರುತ್ತಿದ್ದೆ. ಅಂಥ ತಾಯಿ ನಾನು ಎಂದು ಒಳಗೊಳಗೇ ಜಂಬವೂ ಇತ್ತು. ಅಂಥ ತಾಯಿ ಒಂದು ಕುರ್ಚಿಗೋಸ್ಕರ ಮಗಳ ಔಷಧಿ ಬಿಟ್ಟು ಆನೆ ನೋಡಲು ಹೋಗಿದ್ದಳು.

ಎರಡನೇ ತೇಲುಮನೆಯ ಬಿದಿರಿನ ಕಟ್ಟೆಗೆ ದೋಣಿ ತಾಗುವ ಮೊದಲೇ ವಿಲೈ ಕೂಗಿ ಕೇಳಿದಳು. ಅಡುಗೆಯ ಹೆಂಗಸೊಬ್ಬಳು ಹೊರಗೆ ಬಂದು ನೋಡಿ, ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ನನ್ನ ಬ್ಯಾಗ್ ಇತ್ತು. ಆದರೆ ತೀರ ಹಗುರವಾಗಿತ್ತು. ತೆರೆದು ನೋಡಿದರೆ ಫೋನ್ ಇದೆ, ಪರ್ಸ್ ಇದೆ, ನೀಲಿ ಪೌಚು ಇಲ್ಲ! ನನ್ನ ಬಾಯಿಂದ ಏನು ಹೊರಟಿತೋ ನನಗೇ ಗೊತ್ತಿಲ್ಲ. ಆ ಹೆಂಗಸು ಗಾಬರಿಯಾಗಿ ಒಳಗೆ ಓಡಿದಳು, ಪೌಚು ತಂದಳು. ಯಾರದೆಂದು ತಿಳಿಯಲು ಬ್ಯಾಗ್ ತೆರೆದಾಗ ಅವಳಿಗೆ ಇಂಜೆಕ್ಷನ್ ಪೆನ್ನು ಕಂಡಿತ್ತು. ಅವಳ ತಾಯಿಗೂ ಸಕ್ಕರೆ ಕಾಯಿಲೆ. ಬಿಸಿಲಿಗೆ ಕೆಟ್ಟುಹೋಗುತ್ತದೆ ಎಂದು ಐಸ್‌ಪೆಟ್ಟಿಗೆಯಲ್ಲಿ ಇಟ್ಟಿದ್ದಳು.

ಐಸ್ ಎಂದಾಗ ಮತ್ತೆ ಹೆದರಿದೆ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಪೆನ್ನು ತೆಗೆದು ಬೆಳಕಿಗೆ ಹಿಡಿದೆ. ತಿಳಿಯಾಗಿತ್ತು. ಅಲ್ಲಾಡಿಸಿದರೆ ಒಳಗೆ ಗಾಳಿಗುಳ್ಳೆ ಸಲೀಸಾಗಿ ಓಡಾಡಿತು. ಐಸಿನ ಮೇಲೆ ಬಾಳೆಲೆ ಹಾಸಿ, ಅದರ ಮೇಲೆ ಇಟ್ಟಿದ್ದಳಂತೆ. ತಣ್ಣಗಿತ್ತು, ಅಷ್ಟೇ.

ನಂಬರ್ ಮುನ್ನೂರ ಮೂವತ್ತೆಂಟು. ಸೂಜಿ ಹಾಕಲು ಹೋದೆ. ಅದು ಕೈಜಾರಿ ಬಿದ್ದು ಬಿದಿರಿನ ಸಂದಿಯಿಂದ ನದಿಗೆ ಹೋಯಿತು. ಎರಡನೇ ಸೂಜಿ ತೆಗೆದೆ. ಅದೂ ಪೆನ್ನಿಗೆ ಕೂರುತ್ತಿಲ್ಲ. ದಿನಕ್ಕೆ ನಾಲ್ಕು ಸಲದಂತೆ ನಾಲ್ಕು ವರ್ಷ ಮಾಡಿದ ಕೆಲಸ, ಬೆರಳಿಗೆ ಮರೆತುಹೋದಂತಾಗಿತ್ತು.

"ಅಮ್ಮ, ಕೊಡು" ಎಂದಳು ಇಂಚರ.

"ಬೇಡ ಇಂಚು, ಒಂದ್ನಿಮಿಷ..."

"ಕೊಡು ಅಮ್ಮ. ಐ ಕ್ಯಾನ್ ಡೂ ಇಟ್. ಐ ನೋ ಹೌ."

ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಬಿದಿರಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಂಬರ್ ನೋಡಿ, ತಿಂದ ಪಡ್ಡು ಎಣಿಸಿ, ಬಾಯಲ್ಲೇ ಜಪಾನಿಯಲ್ಲಿ ಲೆಕ್ಕ ಹಾಕಿ ಎಷ್ಟು ತೆಗೆದುಕೊಳ್ಳಬೇಕೆಂದು ಹೇಳಿದಳು. ನನ್ನ ಲೆಕ್ಕವೂ ಅಷ್ಟೇ ಇತ್ತು. ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡು, ಹತ್ತು ಎಣಿಸಿ ಸೂಜಿ ತೆಗೆದಳು. ಎಲ್ಲಿ ಕಲಿತೆ ಎಂದು ಕೇಳಿದೆ. "ಹೊಂದಾ ಸೆನ್ಸೇ ಹೇಳ್ಕೊಟ್ರು. ಆರೆಂಜ್ ಮೇಲೆ ಪ್ರಾಕ್ಟೀಸ್ ಮಾಡಿದ್ದೀನಿ. ಎರಡು ವರ್ಷ ಆಯ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಿಲ್ಲ" ಎಂದಳು.

ಅಲ್ಲೇ ಕೂತು ಕಾದೆವು. ಅಡುಗೆಯವಳು ನೀರು ತಂದು ಕೊಡುತ್ತಲೇ ಇದ್ದಳು. ಮುಕ್ಕಾಲು ಗಂಟೆಯ ಮೇಲೆ ಮುನ್ನೂರ ಹತ್ತಾಯಿತು, ಆಮೇಲೆ ಇನ್ನೂರ ಎಂಬತ್ತು. ಬಾಣ ಕೆಳಮುಖವಾಗಿತ್ತು. ಆಗ ನಾನು ಮೊದಲ ಸಲ ತಲೆ ಎತ್ತಿ ಆ ಕಾಡನ್ನು ನೋಡಿದೆ. ತುಂಬ ಚೆನ್ನಾಗಿತ್ತು.

ಮೂರು ಗಂಟೆಗೆ ಕಟ್ಟೆಗೆ ಮರಳಿದೆವು. ರಘು ಪ್ಲಾಸ್ಟಿಕ್ ಚೀಲ ಎದೆಗವಚಿಕೊಂಡು ಮೆಟ್ಟಿಲ ಕೆಳಗೇ ನಿಂತಿದ್ದರು. ಆಸ್ಪತ್ರೆಯಲ್ಲಿ ಔಷಧಿ ಸಿಕ್ಕಿತ್ತು, ಒಂದು ಗಂಟೆಯಿಂದ ಕಾಯುತ್ತಿದ್ದರು. ಇಂಚರಳನ್ನು ನೋಡಿ ಬಿಕ್ಕಿಬಿಕ್ಕಿ ಅತ್ತರು. ಅವರ ಕೈಗೆ ಏನನ್ನೂ ಕೊಡಬಾರದು ಎಂದುಕೊಂಡಿದ್ದವಳು ನಾನು.

ಅಂಗಡಿಯಲ್ಲಿ ಅಜ್ಜಿ ಒಂದು ಮೂಲೆಯಲ್ಲಿ ಕೂತಿತ್ತು. ಮಧ್ಯಾಹ್ನದಿಂದ ಊಟ ಮುಟ್ಟಿರಲಿಲ್ಲವಂತೆ. ಮಗುವಿನ ಔಷಧಿಯನ್ನು ನಾನೇ ಕಳಿಸಿಬಿಟ್ಟೆ ಎಂದು ಅಳುತ್ತಾ ಕೂತಿದೆ ಎಂದು ವಿಲೈ ಹೇಳಿದಳು. ನಾನು ಹತ್ತಿರ ಹೋದೆ. ಸುಮಿಮಾಸೆನ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆ ಮಾತನ್ನು ನಾನು ದಿನಕ್ಕೆ ನೂರು ಸಲ ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಸೈಕಲ್ ಅಡ್ಡ ಬಂದಾಗ ಹೇಳುತ್ತೇನೆ. ಅದು ಸಾಲದೆನಿಸಿತು. ಬಗ್ಗಿ ಅಜ್ಜಿಯ ಕಾಲು ಮುಟ್ಟಿದೆ. ಅಜ್ಜಿ ಹೌಹಾರಿ ಕಾಲು ಎಳೆದುಕೊಂಡಿತು. ಅವರಲ್ಲಿ ಹಾಗೆಲ್ಲ ಕಾಲು ಮುಟ್ಟುವುದಿಲ್ಲವಂತೆ. "ಅಜ್ಜಿ, ತಪ್ಪು ನಿಮ್ದಲ್ಲ. ನಂದು. ಕಳ್ಳರು ಅಂದಿದ್ದೂ ನಂದೇ ತಪ್ಪು" ಎಂದು ಕನ್ನಡದಲ್ಲೇ ಹೇಳಿದೆ. ಇಂಚರ ಅದನ್ನು ಜಪಾನಿಗೆ ತಂದಳು, ವಿಲೈ ಥಾಯ್‌ಗೆ ತಂದಳು. ಅಜ್ಜಿ ಕೇಳಿಸಿಕೊಂಡು ಇಂಚರಳ ತಲೆ ಸವರಿ ಏನೋ ಹೇಳಿತು. ಆ ಮಾತು ಅದೇ ದಾರಿಯಲ್ಲಿ ಹಿಂದಕ್ಕೆ ಬಂತು. "ಈ ಮಗು ಊಟ ಮಾಡಿದೆಯಾ?" ಎಂದು ಕೇಳಿತ್ತು, ಅಷ್ಟೇ.

ವಿಲೈ ಒಲೆ ಹಚ್ಚಿದಳು. ನೀಲಿ ಪೌಚು ಮೇಜಿನ ಮೇಲಿತ್ತು. "ಇದು ಯಾರದು?" ಎಂದು ಇಂಚರಳನ್ನು ಕೇಳಿದಳು. "ನನ್ನದು" ಎಂದಳು ಇಂಚರ. "ಹಾಗಾದರೆ ನೀನೇ ಇಟ್ಟುಕೋ" ಎಂದು ಅವಳ ಕೈಗೆ ಕೊಟ್ಟಳು. ಅಭ್ಯಾಸಬಲದಿಂದ ನನ್ನ ಕೈ ಮುಂದೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ.

ಈ ವರ್ಷ ಇಂಚರ ಆರನೇ ಕ್ಲಾಸು. ಕಳೆದ ತಿಂಗಳು ಶಾಲೆಯಿಂದ ಎರಡು ದಿನ ನಿಕ್ಕೋ ಪ್ರವಾಸಕ್ಕೆ ಹೋದಳು, ನಾವಿಲ್ಲದೆ, ಒಬ್ಬಳೇ. ಅವಳ ಸಕ್ಕರೆಯ ನಂಬರ್ ಈಗ ನನ್ನ ಫೋನಿಗೂ ಬರುತ್ತದೆ. ಆ ಎರಡು ದಿನ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ, ಆದರೆ ಫೋನ್ ಮಾಡಬಾರದು ಎಂದು ತೀರ್ಮಾನಿಸಿದ್ದೆ. ಮೊದಲ ದಿನ ಮಧ್ಯಾಹ್ನ ಅಲಾರಂ ಹೊಡೆಯಿತು. ಅರವತ್ತಾರು, ಇಳಿಯುತ್ತಿದೆ. ಬಹುಶಃ ಬೆಟ್ಟ ಹತ್ತುತ್ತಿದ್ದರು. ನನ್ನ ಬೆರಳು ಟೀಚರ್ ನಂಬರಿನ ಮೇಲಿತ್ತು. ಒತ್ತಲಿಲ್ಲ. ಫೋನನ್ನು ಎದುರಿಗೆ ಇಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಹದಿನೈದು ನಿಮಿಷ. ಈಜು ಬಾರದವಳು ಆ ದೋಣಿಯಲ್ಲಿ ಕೂತದ್ದು ಇದರ ಮುಂದೆ ಏನೂ ಅಲ್ಲ. ಎಪ್ಪತ್ತೊಂದಾಯಿತು. ಎಂಬತ್ತಾರಾಯಿತು. ನೂರಾ ನಾಲ್ಕಾಯಿತು.

ನಾನು 'ಗ್ಲೂಕೋಸ್ ಮಾತ್ರೆ ತಿನ್ನು' ಎಂದು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವಳೇ ತಿಂದಿದ್ದಳು. ನನ್ನ ಮಗಳು ನಾನಿಲ್ಲದೆ ಬದುಕಬಲ್ಲಳು ಎಂದು ಅಂದು ಗೊತ್ತಾಯಿತು. ನೆಲದ ಮೇಲೆ ಕೂತೇ ಜೋರಾಗಿ ಅತ್ತೆ, ಆಮೇಲೆ ಎದ್ದು ಒಬ್ಬಳಿಗೇ ಕಾಫಿ ಮಾಡಿಕೊಂಡು ಕುಡಿದೆ.